ಸುಮ್ನೆ ನಿಂತಿರೋ ಟಗ್ ಬೋಟಿಗೆ ನಮ್ಮ ತೆರಿಗೆ ದುಡ್ಡು ಯಾಕೆ?

ಓದುಗರ ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. 2025ರ ಮೇ, ಜೂನ್‌ನಲ್ಲಿ ಕೇರಳದ ಹತ್ತಿರ ಒಂದು ಹಡಗು ಮುಳುಗಿತು, ಇನ್ನೊಂದು ಹೊತ್ತಿ ಉರಿಯಿತು. ಕೆಟ್ಟು ನಿಂತ ಹಡಗನ್ನು ಎಳೆಯೋಕೆ ಅಂತಲೇ ಸರ್ಕಾರ ದೊಡ್ಡ ಟಗ್‌ಗಳನ್ನು ಬಾಡಿಗೆಗೆ ಹಿಡಿದು ನಿಲ್ಲಿಸುತ್ತದೆ, ಕೆಲಸ ಇರಲಿ ಬಿಡಲಿ ಬಾಡಿಗೆ ಕಟ್ಟುತ್ತದೆ ಅಂತ ಆಮೇಲೆ ಓದಿದೆ. ಇಲ್ಲಿ ನಮ್ಮ ಕೆರೆಗಳ ಹೂಳು ತೆಗೆಸೋಕೆ ದುಡ್ಡಿಲ್ಲ. ಯಾವುದೋ ದೇಶದ ಕಂಪನಿಯ ಹಡಗು ಕಾಪಾಡೋಕೆ ನಾವು ಯಾಕೆ ತೆರಿಗೆ ಕಟ್ಟಬೇಕು? ಹಡಗಿನವರೇ ಕೊಡಲಿ. ಇಲ್ಲಾಂದ್ರೆ ನೌಕಾಪಡೆ, ಕೋಸ್ಟ್ ಗಾರ್ಡ್ ಇವೆಯಲ್ಲ, ಅವರೇ ಎಳೆಯಲಿ. ನನ್ನ ತಂಗಿಯನ್ನು ಉಳ್ಳಾಲಕ್ಕೆ ಕೊಟ್ಟಿದ್ದೇವೆ. ಅವಳ ಯಜಮಾನರದು ಮೀನಿನ ವ್ಯಾಪಾರ. ಅವರು ಹೇಳೋದೇ ಬೇರೆ, ಟಗ್ ಹತ್ತಿರದಲ್ಲಿದ್ದಿದ್ದರೆ ಇದ್ಯಾವುದೂ ಆಗ್ತಾನೇ ಇರಲಿಲ್ಲವಂತೆ. ಯಾರು ಸರಿ? ಮಕ್ಕಳ ಜೊತೆ ಸೇರಿ ನಮ್ಮ ಎಂಪಿಗೆ ಒಂದು ಪತ್ರ ಬರೆಯೋಣ ಅಂತಿದ್ದೇವೆ. ಏನು ಬರೆಯಬೇಕು ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನೂ ಮಧುಗಿರಿ ಸೀಮೆಯವನು, ಈಗ ತುಮಕೂರಿನಲ್ಲಿ ನೆಲೆಸಿದ್ದೇನೆ. ದುಡಿದದ್ದೆಲ್ಲ ಮಾತ್ರ ಸಮುದ್ರದಲ್ಲಿ, ಟಗ್‌ಗಳ ಮೇಲೆ ಮತ್ತು ಸಾಲ್ವೇಜ್ ತಂಡಗಳಲ್ಲಿ. ಅಪಾಯಕ್ಕೆ ಸಿಕ್ಕ ಹಡಗನ್ನೂ ಅದರ ಸರಕನ್ನೂ ಉಳಿಸುವ ಕೆಲಸಕ್ಕೆ ಸಾಲ್ವೇಜ್ ಅನ್ನುತ್ತಾರೆ. ಬಯಲುಸೀಮೆಯಿಂದ ಈ ಪ್ರಶ್ನೆ ಬಂತು ಅನ್ನೋದೇ ನನಗೆ ಖುಷಿ. ಎಣ್ಣೆ ದಡಕ್ಕೆ ಬಂದ ವಾರ ಎಲ್ಲರೂ ಟಗ್ ಎಲ್ಲಿತ್ತು ಅಂತ ಕೇಳುತ್ತಾರೆ, ಮುಂದಿನ ಮಳೆಗಾಲದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಿಮ್ಮ ತಂಗಿ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಎರಡು ಹಡಗುಗಳಲ್ಲಿ ಒಂದರ ವಿಷಯಕ್ಕೆ ಅವರ ಮಾತು ತಪ್ಪು, ಇನ್ನೊಂದಕ್ಕೆ ಸರಿ.

ಮುಳುಗಿದ ಹಡಗಿನ ಹೆಸರು ಎಂಎಸ್‌ಸಿ ಎಲ್ಸಾ 3. ಅದು ಮೇ 24ರಂದು ವಿಳಿಂಜಂನಿಂದ ಕೊಚ್ಚಿಗೆ ಹೋಗುತ್ತಿತ್ತು. ಕೊಚ್ಚಿಗೆ ಇನ್ನೂ ಸುಮಾರು 38 ನಾಟಿಕಲ್ ಮೈಲಿ ಇದ್ದಾಗ ಒಂದು ಬದಿಗೆ ವಾಲಿತು. ಮಾರನೇ ದಿನ ಬೆಳಿಗ್ಗೆ ಮುಳುಗಿಯೇ ಹೋಯಿತು. ಅದರಲ್ಲಿ 640 ಕಂಟೇನರ್, 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಇದ್ದವು. ಪುಣ್ಯಕ್ಕೆ 24 ಜನ ಸಿಬ್ಬಂದಿಯೂ ಉಳಿದರು. ಹೀಗೆ ವಾಲಿದ ಹಡಗನ್ನು ಹಗ್ಗ ಹಾಕಿ ಎಳೆದರೆ ನೆಟ್ಟಗಾಗುವುದಿಲ್ಲ. ಅಲ್ಲಿ ಬೇಕಾಗಿದ್ದದ್ದು ಪಂಪು, ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವ ಲೆಕ್ಕ, ಅದನ್ನು ಓದಬಲ್ಲ ಇಂಜಿನಿಯರು. ಪಕ್ಕದಲ್ಲೇ ಟಗ್ ಇದ್ದಿದ್ದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಹೊತ್ತಿ ಉರಿದ ಹಡಗು ವಾನ್ ಹೈ 503. ಅದರ ಕಥೆ ಹಾಗಲ್ಲ. ಜೂನ್ 9ಕ್ಕೆ ಬೆಂಕಿ ಹತ್ತಿತು. 22 ಜನರಲ್ಲಿ 18 ಜನರನ್ನು ಪಾರು ಮಾಡಿ ಮಂಗಳೂರಿಗೆ ತಂದರು, ನಾಲ್ವರು ಸಿಗಲಿಲ್ಲ. ಹಡಗು ಮಾತ್ರ ಮುಳುಗಲಿಲ್ಲ. ಇಂಜಿನ್ ಇಲ್ಲ, ಜನ ಇಲ್ಲ, ಮೇಲೆ ಬೆಂಕಿ, ಹೊಟ್ಟೆಯಲ್ಲಿ ಸುಮಾರು ಎರಡು ಸಾವಿರ ಟನ್ ಇಂಧನ, ಮುಂಗಾರಿನ ಗಾಳಿ ಅದನ್ನು ದಡದ ಕಡೆಗೆ ತಳ್ಳುತ್ತಿದೆ. ಹೆಲಿಕಾಪ್ಟರ್‌ನಿಂದ ಸಾಲ್ವೇಜ್ ತಂಡದವರನ್ನು ಆ ಡೆಕ್ ಮೇಲೆ ಇಳಿಸಿ ಹಗ್ಗ ಕಟ್ಟಿಸಿದರು. ಆಫ್‌ಶೋರ್ ವಾರಿಯರ್ ಎಂಬ ಹಡಗು ಅದನ್ನು ಪಶ್ಚಿಮಕ್ಕೆ ಎಳೆಯಿತು. ಆ ಹಗ್ಗ ಸಿಗದೇ ಹೋಗಿದ್ದರೆ ಎಲ್ಸಾಗಿಂತ ಹಲವು ಪಟ್ಟು ಎಣ್ಣೆ ನೇರ ದಡದ ಮೇಲೆ ಬಂದು ಕೂರುತ್ತಿತ್ತು.

ಇದಕ್ಕಿಂತ ದೊಡ್ಡ ಉದಾಹರಣೆ 2020ರ ಸೆಪ್ಟೆಂಬರ್‌ನದು. ಕುವೈತ್‌ನಿಂದ ಪಾರಾದೀಪ್‌ಗೆ ಸುಮಾರು 2.7 ಲಕ್ಷ ಟನ್ ಕಚ್ಚಾ ಎಣ್ಣೆ ತರುತ್ತಿದ್ದ ನ್ಯೂ ಡೈಮಂಡ್ ಟ್ಯಾಂಕರ್‌ನ ಇಂಜಿನ್ ಕೋಣೆಗೆ ಶ್ರೀಲಂಕಾದ ಪೂರ್ವಕ್ಕೆ ಬೆಂಕಿ ಬಿತ್ತು. ಒಬ್ಬರು ಜೀವ ಕಳೆದುಕೊಂಡರು. ಎರಡೂ ದೇಶದ ಹಡಗುಗಳು, ಟಗ್‌ಗಳು ಸೇರಿ ಬೆಂಕಿ ಆರಿಸಿ ಅದನ್ನು ದಡದಿಂದ ದೂರ ಹಿಡಿದಿಟ್ಟವು. ನಮ್ಮ ಸರ್ಕಾರ ಬಾಡಿಗೆಗೆ ಹಿಡಿದಿದ್ದ ವಾಟರ್ ಲಿಲಿ ಎಂಬ ತುರ್ತು ಟಗ್ಗೂ ಅಲ್ಲಿಗೆ ಹೋಗಿತ್ತು. ಆ ಕಚ್ಚಾ ಎಣ್ಣೆ ಸಮುದ್ರಕ್ಕೆ ಸೇರಲಿಲ್ಲ. ಸೇರಲಿಲ್ಲ ಅನ್ನೋ ಕಾರಣಕ್ಕೇ ಅದು ಯಾರಿಗೂ ನೆನಪಿಲ್ಲ, ಅಲ್ವಾ.

ಅಂದರೆ ಟಗ್ ಒಂದೇ ಒಂದು ರೋಗಕ್ಕೆ ಮದ್ದು. ಹಡಗು ತೇಲುತ್ತಿದೆ, ಆದರೆ ತನ್ನ ಕೈಲಿ ತಾನಿಲ್ಲ. ಇಂಜಿನ್ ಕೆಟ್ಟಿರಬಹುದು, ಚುಕ್ಕಾಣಿ ಕೈಕೊಟ್ಟಿರಬಹುದು, ಲಂಗರು ಹಿಡಿಯದೆ ಜಾರುತ್ತಿರಬಹುದು. ಹಾಗೆ ತೇಲಿಕೊಂಡು ಬಂದು ಬಂಡೆಗೆ ಬಡಿದ ಮೇಲೆ ಹೊಟ್ಟೆ ಒಡೆಯುತ್ತದೆ. ಬಡಿಯುವ ಮುಂಚೆ ಸಿಗುವ ಕೆಲವು ಗಂಟೆಗಳಿವೆಯಲ್ಲ, ನಾವು ಬಾಡಿಗೆ ಕೊಟ್ಟು ಕೊಳ್ಳುತ್ತಿರುವುದು ಆ ಗಂಟೆಗಳನ್ನ.

ಲೆಕ್ಕ ಹಾಕಿ ನೋಡಿ, ನಿಮ್ಮ ಮಕ್ಕಳ ಕೈಲೂ ಹಾಕಿಸಬಹುದು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈನ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಕೆಟ್ಟು ನಿಂತ ಹಡಗನ್ನು ದಡಕ್ಕೇ ತಳ್ಳುವ ಗಾಳಿ ಅದು. ದಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರದಲ್ಲಿ ಹಡಗು ಕೆಟ್ಟಿತು ಅಂದುಕೊಳ್ಳಿ. ಗಂಟೆಗೆ ಎರಡು ಮೈಲಿ ತೇಲಿದರೂ ಹತ್ತು ಗಂಟೆಯಲ್ಲಿ ನೆಲ ಹತ್ತುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಸಮುದ್ರದಲ್ಲಿ ಹತ್ತಿರ ಹತ್ತಿರ 200 ನಾಟಿಕಲ್ ಮೈಲಿ. ಟಗ್ ಗಂಟೆಗೆ 12 ಮೈಲಿ ಓಡಿದರೆ 16 ಗಂಟೆ ಮೇಲಾಗುತ್ತದೆ. ಮುಂಬೈಯಿಂದ ಹೊರಟರೆ 30 ಗಂಟೆಗೂ ಜಾಸ್ತಿ, ಅದೂ ಅಲೆ ಕಮ್ಮಿ ಇದ್ದರೆ. ಅದಕ್ಕೇ ಟಗ್ ಎಷ್ಟು ದೊಡ್ಡದು ಅಂತ ಕೇಳುವ ಮುಂಚೆ ಎಲ್ಲಿ ನಿಂತಿದೆ ಅಂತ ಕೇಳಬೇಕು.

ನಮ್ಮ ಕರ್ನಾಟಕಕ್ಕೆ ಇದು ದೂರದ ಮಾತೇನಲ್ಲ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯ ಅನ್ನುವ ಸರಕು ಹಡಗು ಕಾರವಾರದ ಹತ್ತಿರ ಬಂಡೆಗೆ ಬಡಿಯಿತು. ಅದರ ಫರ್ನೇಸ್ ಆಯಿಲ್ ಗೋವಾ ಕಡೆಗೂ ಹರಡಿತು. ಅದು ಟ್ಯಾಂಕರ್ ಆಗಿರಲಿಲ್ಲ, ಇದನ್ನು ಗಮನಿಸಿ. ಎಣ್ಣೆ ಸೋರಿಕೆ ಅಂದ ಕೂಡಲೇ ಜನ ಎಣ್ಣೆ ಸಾಗಿಸುವ ಹಡಗನ್ನು ನೆನೆಯುತ್ತಾರೆ. ಈಗ ಟ್ಯಾಂಕರ್‌ಗಳಿಗೆ ಎರಡು ಪದರದ ಹೊಟ್ಟೆ ಇರುತ್ತದೆ, ಅವುಗಳ ದೊಡ್ಡ ಸೋರಿಕೆಗಳು 1970ರ ದಶಕಕ್ಕೆ ಹೋಲಿಸಿದರೆ ತುಂಬಾ ಕಮ್ಮಿಯಾಗಿವೆ. ಆದರೆ ಅಕ್ಕಿ, ಕಬ್ಬಿಣ, ಮೊಬೈಲ್ ಸಾಗಿಸುವ ಹಡಗಿನಲ್ಲೂ ಅದು ಓಡೋಕೆ ಬೇಕಾದ ಇಂಧನ ಇದ್ದೇ ಇರುತ್ತದೆ. ದೊಡ್ಡ ಕಂಟೇನರ್ ಹಡಗಿನಲ್ಲಿ ಅದು ಸಾವಿರಾರು ಟನ್. ಡಾಂಬರಿನ ಥರ ದಪ್ಪಗೆ, ಕಪ್ಪಗೆ ಇರುವ ಎಣ್ಣೆ. ಬಿಸಿಲಿಗೆ ಹಾರಿಹೋಗುವುದಿಲ್ಲ, ಅಂಟಿಕೊಂಡರೆ ಬಿಡುವುದಿಲ್ಲ.

ಸೋರಿದ ಮೇಲೆ ಬಾಚಿಕೊಂಡರಾಯ್ತು ಅನ್ನುವವರೂ ಇದ್ದಾರೆ. ಅದು ಭ್ರಮೆ. ಸಮುದ್ರದ ಮೇಲೆ ದೊಡ್ಡ ಸೋರಿಕೆ ಆದಾಗ ನೂರಕ್ಕೆ ಹತ್ತು ಹದಿನೈದು ಪಾಲಿಗಿಂತ ಜಾಸ್ತಿ ಎಣ್ಣೆ ವಾಪಸ್ ಸಿಗುವುದು ಅಪರೂಪ. ಎಣ್ಣೆ ಹರಡದಂತೆ ತಡೆಯೋಕೆ ತೇಲುವ ಬೂಮ್ ಹಾಕುತ್ತಾರೆ. ಅಲೆ ಒಂದೂವರೆ ಮೀಟರ್ ದಾಟಿದರೆ ಎಣ್ಣೆ ಅದರ ಮೇಲೆ ಹಾರಿ, ಕೆಳಗೆ ನುಸುಳಿ ಹೊರಟುಹೋಗುತ್ತದೆ. ನಮ್ಮ ಮುಂಗಾರಿನಲ್ಲಿ ಅಲೆ ಅದಕ್ಕಿಂತ ಎತ್ತರ ಏಳುತ್ತಲೇ ಇರುತ್ತದೆ. ಎಣ್ಣೆ ನೀರಿನ ಜೊತೆ ಕಲಸಿಕೊಂಡು ಮೂರು ನಾಲ್ಕು ಪಟ್ಟು ಉಬ್ಬುವುದೂ ಉಂಟು. 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎನ್ನೋರ್ ಹತ್ತಿರ ಎರಡು ಹಡಗು ಡಿಕ್ಕಿ ಹೊಡೆದಾಗ ಜನ ಬಕೆಟ್‌ನಲ್ಲಿ ಎಣ್ಣೆ ಮೊಗೆದದ್ದನ್ನು ನೀವು ಟೀವಿಯಲ್ಲಿ ನೋಡಿರಬಹುದು. ದಡಕ್ಕೆ ಬಂದ ಮೇಲೆ ಕೊನೆಗೆ ನಡೆಯುವುದು ಅದೇ, ಬಕೆಟ್ಟು, ಸಲಿಕೆ.

ಮೀನಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಸೋರಿಕೆಯ ಸುದ್ದಿ ಬಂದ ಕೂಡಲೇ ಎಲ್ಲಾ ಕಡೆ ಬಂಗುಡೆ, ಬೂತಾಯಿ ಕೊಳ್ಳೋದನ್ನೇ ಜನ ಬಿಡುತ್ತಾರೆ. ಈಜುವ ಮೀನು ಸಾಮಾನ್ಯವಾಗಿ ಎಣ್ಣೆಯಿಂದ ದೂರ ಸರಿಯುತ್ತದೆ. ಒಂದೇ ಜಾಗದಲ್ಲಿ ಕೂತು ನೀರು ಸೋಸಿ ತಿನ್ನುವ ಚಿಪ್ಪುಮೀನಿಗೆ ಅಪಾಯ ಜಾಸ್ತಿ. ಹಾಗಾಗಿ ನಿಮ್ಮ ತಂಗಿ ಯಜಮಾನರಿಗೆ ಎಣ್ಣೆಯಿಂದ ಆಗುವ ನಷ್ಟಕ್ಕಿಂತ ಮುಂಚೆಯೇ ಭಯದಿಂದ ನಷ್ಟ ಆಗುತ್ತದೆ. ಅದನ್ನು ಯಾವ ಕೋರ್ಟಿನಲ್ಲಿ ಸಾಬೀತು ಮಾಡುವುದೂ ಕಷ್ಟ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಡಗಿನವರೇ ಯಾಕೆ ದುಡ್ಡು ಕೊಡಬಾರದು?

ಕೆಟ್ಟ ಮೇಲೆ ಅವರು ಕೊಡುತ್ತಾರೆ. ಸಾಲ್ವೇಜ್ ಕೆಲಸ ನೂರಾರು ವರ್ಷದಿಂದ ನಡೆದು ಬಂದಿರೋದು ಒಂದೇ ಕರಾರಿನ ಮೇಲೆ: ಉಳಿಸಿದರೆ ದುಡ್ಡು, ಉಳಿಸದಿದ್ದರೆ ಇಲ್ಲ. ಹಡಗು, ಸರಕು ಉಳಿದರೆ ಅವುಗಳ ಬೆಲೆ ನೋಡಿ ಇನಾಮು ಸಿಗುತ್ತದೆ. ಪರಿಸರ ಕಾಪಾಡಲು ಪಟ್ಟ ಶ್ರಮಕ್ಕೆ ಏನಾದರೂ ಸಿಗುವ ಹಾಗೆ 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದದಲ್ಲಿ ದಾರಿ ಮಾಡಿದರು. ಆದರೆ ಕಾಯುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಒಂದು ದೊಡ್ಡ ಟಗ್, ಅದರ ಸಿಬ್ಬಂದಿ, ಎಣ್ಣೆ, ಸಾಲದ ಬಡ್ಡಿ ಇಷ್ಟನ್ನೂ ಹೊತ್ತುಕೊಂಡು, ಬಂದರೂ ಬರಬಹುದು ಬಾರದೆಯೂ ಇರಬಹುದಾದ ಒಂದು ಅಪಘಾತಕ್ಕೆ ಮಾಲೀಕ ಎಷ್ಟು ವರ್ಷ ಕಾದಾನು? ಹಿಂದೆ ದೊಡ್ಡ ಸಾಲ್ವೇಜ್ ಕಂಪನಿಗಳು ಆಯಕಟ್ಟಿನ ಬಂದರುಗಳಲ್ಲಿ ಟಗ್ ನಿಲ್ಲಿಸಿ ಕಾಯುತ್ತಿದ್ದವು. ಲಾಭ ಗಿಟ್ಟದೆ ಅವನ್ನೆಲ್ಲ ತೈಲಬಾವಿಗಳ ಕೆಲಸಕ್ಕೆ ಕಳಿಸಿದವು. ನಾನು ಕೆಲಸ ಮಾಡಿದ ಟಗ್‌ಗಳಲ್ಲೂ ಹೆಚ್ಚಿನವು ರಿಗ್‌ಗಳಿಗೆ ಸಾಮಾನು ಹೊತ್ತೇ ಬದುಕಿದವು. ಸಾಲ್ವೇಜ್ ಕರೆ ಬಂದಾಗ ಟಗ್ ಬೇರೆಲ್ಲೋ ಬಾಡಿಗೆಗೆ ಹೋಗಿರುವುದೇ ಜಾಸ್ತಿ.

ನಮ್ಮ ಕಡೆ ನೀರಗಂಟಿ ಇದ್ದನಲ್ಲ, ಈ ಟಗ್‌ನ ಲೆಕ್ಕವೂ ಹಾಗೇ. ತೂಬು ಎತ್ತೋದು, ಮಳೆಗಾಲದ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಾದರೂ ಒಸರುತ್ತಿದೆಯಾ ನೋಡೋದು ಅವನ ಕೆಲಸ. ಕೆರೆ ಒಡೆಯದ ವರ್ಷ ಅವನಿಗೆ ಆಯ ಕೊಡಲ್ಲ ಅಂತ ಯಾವ ಹಿಡುವಳಿದಾರನೂ ಅನ್ನುತ್ತಿರಲಿಲ್ಲ. ಅಚ್ಚುಕಟ್ಟಿನಲ್ಲಿ ಜಮೀನಿರೋರೆಲ್ಲ ಸುಗ್ಗಿಯಲ್ಲಿ ಒಂದಿಷ್ಟು ಕಾಳು ಅಳೆಯುತ್ತಿದ್ದರು. ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಇಲ್ಲೇ ಇದೆ. ಕಾಯೋನಿಗೆ ಕೊಡಬೇಕು ಅನ್ನೋದರಲ್ಲಿ ಅನುಮಾನ ಬೇಡ, ಯಾರು ಯಾರು ಎಷ್ಟು ಅಳೆಯಬೇಕು ಅನ್ನೋದು ಮಾತ್ರ ವಾದ.

ಬೇರೆ ದೇಶಗಳು ಇದನ್ನು ಬೇರೆ ಬೇರೆ ಥರ ಮಾಡಿ ನೋಡಿವೆ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ 1978ರ ಮಾರ್ಚ್ 16ರಂದು ಅಮೊಕೊ ಕಾಡಿಜ್ ಟ್ಯಾಂಕರ್‌ನ ಚುಕ್ಕಾಣಿ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೆಟ್ಟಿತು. ಒಂದು ಟಗ್ ಬಂತು. ಆದರೆ ಯಾವ ಕರಾರಿನ ಮೇಲೆ ಎಳೆಯಬೇಕು ಅಂತ ಮಾತುಕತೆ, ಚಿಕಾಗೋದಲ್ಲಿದ್ದ ಆಫೀಸಿಗೆ ಕೇಳೋದು, ಇದೆಲ್ಲ ನಡೆಯಿತು. ಟಗ್‌ಗೆ ಅಷ್ಟು ದೊಡ್ಡ ಹಡಗನ್ನು ಹಿಡಿಯುವ ಶಕ್ತಿಯೂ ಇರಲಿಲ್ಲ. ಹಗ್ಗ ತುಂಡಾಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಹಡಗು ಬಂಡೆ ಏರಿತು, 2.2 ಲಕ್ಷ ಟನ್ನಿಗೂ ಮೀರಿ ಎಣ್ಣೆ ಹೋಯಿತು. ಅದಾದ ಮರುವರ್ಷದಿಂದ ಫ್ರಾನ್ಸ್ ಸರ್ಕಾರ ಬ್ರೆಸ್ಟ್ ಬಂದರಿನಲ್ಲಿ ಅಬೇಯ್ ಫ್ಲಾಂಡ್ರ್ ಎಂಬ ದೊಡ್ಡ ಟಗ್ ನಿಲ್ಲಿಸಿತು. ಬಾಡಿಗೆ ಸರ್ಕಾರದ್ದು, ಅಪ್ಪಣೆ ನೌಕಾಪಡೆಯದ್ದು. ಅವರು ಇವತ್ತಿಗೂ ಈ ಪದ್ಧತಿಯನ್ನು ಬಿಟ್ಟಿಲ್ಲ.

ಬ್ರಿಟನ್ನಿನವರು ಕಲಿತು ಆಮೇಲೆ ಕೈಬಿಟ್ಟರು. 1993ರ ಜನವರಿಯಲ್ಲಿ ಬ್ರೇಯರ್ ಟ್ಯಾಂಕರ್ ಇಂಜಿನ್ ನಿಂತು ಶೆಟ್ಲೆಂಡ್ ದ್ವೀಪಕ್ಕೆ ಬಡಿಯಿತು, ಸುಮಾರು 85,000 ಟನ್ ಎಣ್ಣೆ ಸೋರಿತು. ಅದರ ತನಿಖೆ ನಡೆಸಿದ ಲಾರ್ಡ್ ಡೊನಾಲ್ಡ್‌ಸನ್ ವರದಿಯ ಸಲಹೆಯಂತೆ ಸರ್ಕಾರ ತನ್ನ ಖರ್ಚಿನಲ್ಲಿ ತುರ್ತು ಟಗ್‌ಗಳನ್ನು ನಿಲ್ಲಿಸಿತು, ಮುಂದೆ ಅವು ನಾಲ್ಕಾದವು. 2010ರಲ್ಲಿ ಖರ್ಚು ಕಡಿತದ ಹೊತ್ತಿನಲ್ಲಿ, ಇದು ಹಡಗಿನವರ ಖರ್ಚು, ತೆರಿಗೆದಾರರದಲ್ಲ ಅಂತ ಸರ್ಕಾರ ಹೇಳಿತು. ನೀವು ಹೇಳುವ ಮಾತೇ. 32.5 ಮಿಲಿಯನ್ ಪೌಂಡ್ ಉಳಿಯುತ್ತದೆ ಅಂತ ಲೆಕ್ಕ ಕೊಟ್ಟಿತು. ಅದನ್ನು ಘೋಷಿಸಿ ಎರಡು ದಿನಕ್ಕೆ ಅವರದೇ ಅಣುಶಕ್ತಿ ಜಲಾಂತರ್ಗಾಮಿ ಅಸ್ಟ್ಯೂಟ್, ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಹತ್ತಿರ ನೆಲ ಹತ್ತಿತು. ನೆರವಿಗೆ ಹೋದದ್ದು ಅದೇ ಯೋಜನೆಯ ಟಗ್, ಆಂಗ್ಲಿಯನ್ ಪ್ರಿನ್ಸ್. ಆದರೂ 2011ರಲ್ಲಿ ಯೋಜನೆ ನಿಂತಿತು, ಸ್ಕಾಟ್ಲೆಂಡ್ ಕಡೆ ಮಾತ್ರ ಉಳಿಸಿಕೊಂಡರು.

ಹಡಗಿನವರಿಂದಲೇ ವಸೂಲಿ ಮಾಡಿದ ದೇಶಗಳೂ ಇವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಿಯಾ ಬೇನಲ್ಲಿ 1999ರಿಂದ ಒಂದು ಟಗ್ ಕಾಯುತ್ತಿದೆ. ಮೊದಲು ಸಾರ್ವಜನಿಕ ದುಡ್ಡು, 2010ರ ಜುಲೈನಿಂದ ಕಾನೂನು ಮಾಡಿ ಹಡಗು ಉದ್ಯಮದ ಮೇಲೆ ಹೊರಿಸಿದರು. ಆಸ್ಟ್ರೇಲಿಯಾದಲ್ಲಿ 24 ಮೀಟರ್ ಇಲ್ಲವೇ ಅದಕ್ಕಿಂತ ಉದ್ದದ, ಹತ್ತು ಟನ್‌ಗಿಂತ ಹೆಚ್ಚು ಎಣ್ಣೆ ಹೊತ್ತು ಬಂದರಿಗೆ ಬರುವ ಹಡಗು ಸಮುದ್ರ ರಕ್ಷಣೆಯ ಶುಲ್ಕ ಕಟ್ಟುತ್ತದೆ, ತುರ್ತು ಟಗ್‌ನ ಖರ್ಚು ಅದರಿಂದ ಹೊರಡುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗೋದು ಈ ದಾರಿಯೇ. ನಮ್ಮಲ್ಲೂ ಇದಕ್ಕೆ ಅಡಿಪಾಯ ಇದೆ. ಭಾರತದ ಬಂದರಿಗೆ ಬರುವ ಹಡಗುಗಳು ದೀಪಸ್ತಂಭಗಳ ಶುಲ್ಕ ಅಂತ ಮೊದಲಿಂದಲೂ ಕಟ್ಟುತ್ತಿವೆ. 2021ರಲ್ಲಿ ಹಳೇ ದೀಪಸ್ತಂಭ ಕಾಯ್ದೆ ಹೋಗಿ ಹೊಸ ಕಾಯ್ದೆ ಬಂದ ಮೇಲೂ ಶುಲ್ಕ ಮುಂದುವರಿದಿದೆ. ದಾರಿ ತೋರಿಸೋ ದೀಪಕ್ಕೆ ಹಡಗಿನಿಂದ ದುಡ್ಡು ತೆಗೆದುಕೊಳ್ಳಬಹುದಾದರೆ, ದಾರಿ ತಪ್ಪಿದಾಗ ಎಳೆಯೋ ಟಗ್‌ಗೂ ತೆಗೆದುಕೊಳ್ಳಬಹುದು.

ಆದರೆ ಇದರಲ್ಲೊಂದು ತೂತು ಇದೆ. ಅದು ನಿಮ್ಮ ತಂಗಿಯ ಊರಿನಲ್ಲೇ ಕಣ್ಣಿಗೆ ಬಿತ್ತು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಹತ್ತಿರ ನೀರು ನುಗ್ಗಿ ಕೆಳಗೆ ಕೂತಿತು. 8,000 ಟನ್ ಉಕ್ಕಿನ ಸುರುಳಿ, ಜೊತೆಗೆ ಅದರ ಇಂಧನ. 15 ಜನ ಸಿರಿಯಾದ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಅದು ಹೊರಟಿದ್ದು ಚೀನಾದಿಂದ, ಹೋಗಬೇಕಿದ್ದದ್ದು ಲೆಬನಾನ್‌ಗೆ. ನಮ್ಮ ಯಾವ ಬಂದರಿಗೂ ಅದು ಬರಬೇಕಿರಲಿಲ್ಲ. ನಮ್ಮ ಕರಾವಳಿಯ ಪಕ್ಕದಲ್ಲಿ ಸುಮ್ನೆ ಹಾದುಹೋಗುವ ಹಡಗಿಗೆ, ಹಾದುಹೋದ ಕಾರಣಕ್ಕೇ ಶುಲ್ಕ ಹಾಕೋಕೆ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 26ನೇ ವಿಧಿ ಬಿಡುವುದಿಲ್ಲ. ಅಂಥ ಹಡಗಿನ ಪಾಲು ಯಾರು ಹೊರಬೇಕು? ಅಲ್ಲಿಗೆ ಮಾತ್ರ ತೆರಿಗೆ ದುಡ್ಡು ಬೇಕೇ ಬೇಕು. ಹಾಗಾಗಿ ನನ್ನ ಉತ್ತರ ಇಷ್ಟು: ಖರ್ಚಿನ ದೊಡ್ಡ ಭಾಗ ಹಡಗುಗಳ ಶುಲ್ಕದಿಂದ ಬರಲಿ, ಉಳಿದದ್ದನ್ನು ಸರ್ಕಾರ ಹಾಕಲಿ, ಎಳೆದ ಮೇಲೆ ಸಿಗುವ ಇನಾಮಿನ ಪಾಲು ಅದೇ ನಿಧಿಗೆ ವಾಪಸ್ ಬರಲಿ.

ಆಮೇಲೆ ವಸೂಲಿ ಮಾಡ್ಕೊಳ್ಳೋಣ ಅನ್ನೋರಿಗೆ ಎಲ್ಸಾ 3 ಪ್ರಕರಣ ತೋರಿಸಿ. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಕೇಳೋದು ಸರಿಯೇ. ಆದರೆ ಹಡಗಿನ ಗಾತ್ರ ನೋಡಿ ಮಾಲೀಕನ ಹೊಣೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ನಿಯಮಗಳಿವೆ, ಮಾಲೀಕರು ಅದರ ಆಸರೆ ಪಡೆಯುತ್ತಾರೆ, ಕೇಸು ವರ್ಷಗಟ್ಟಲೆ ನಡೆಯುತ್ತದೆ. ಟ್ಯಾಂಕರ್ ಎಣ್ಣೆಗೆ ಪರಿಹಾರ ಕೊಡುವ ಅಂತರರಾಷ್ಟ್ರೀಯ ನಿಧಿಯೂ ಅಪಾಯ ಎದುರಾದ ಮೇಲೆ ಮಾಡಿದ ಖರ್ಚು ಕೊಡುತ್ತದೆಯೇ ಹೊರತು ವರ್ಷವಿಡೀ ಕಾದು ನಿಂತ ಟಗ್‌ನ ಬಾಡಿಗೆ ಕೊಡುವುದಿಲ್ಲ.

ನೌಕಾಪಡೆ, ಕೋಸ್ಟ್ ಗಾರ್ಡ್ ಮಾಡಲಿ ಅಂದಿರಿ. ಅವರು ಮಾಡುತ್ತಾರೆ, ಜೀವದ ಹಂಗು ತೊರೆದು ಮಾಡುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಜನರನ್ನು ಉಳಿಸೋದರಲ್ಲಿ, ಬೆಂಕಿ ಆರಿಸೋದರಲ್ಲಿ ಅವರನ್ನು ಮೀರಿಸೋರಿಲ್ಲ. ಆದರೆ ಓಡೋಕೆ ಕಟ್ಟಿದ ಹಡಗು ಬೇರೆ, ಎಳೆಯೋಕೆ ಕಟ್ಟಿದ ಹಡಗು ಬೇರೆ. ಟಗ್‌ನ ಶಕ್ತಿಯನ್ನು ಬೊಲ್ಲಾರ್ಡ್ ಪುಲ್ ಅಂತ ಅಳೆಯುತ್ತಾರೆ. ಬಂದರಿನ ಧಕ್ಕೆಯ ಕಂಬಕ್ಕೆ ಹಗ್ಗ ಬಿಗಿದು ಇಂಜಿನ್ ಪೂರ್ತಿ ಕೊಟ್ಟಾಗ ಎಷ್ಟು ಟನ್ ಎಳೆಯುತ್ತದೆ ಅನ್ನೋದೇ ಅದು. ಬಂದರಿನ ಟಗ್‌ದು 50, 60 ಟನ್ ಇರುತ್ತದೆ. ಜರ್ಮನಿ ಉತ್ತರ ಸಮುದ್ರದಲ್ಲಿ ನಿಲ್ಲಿಸಿರುವ ನಾರ್ಡಿಕ್ ಟಗ್‌ದು ಸುಮಾರು 200 ಟನ್.

ಹಗ್ಗ ಕಟ್ಟುವುದು ಅಂದರೆ ಏನು ಅಂತ ಹೇಳುತ್ತೇನೆ, ಆಗ ಯಾಕೆ ಇದು ಬೇರೆಯೇ ಕಸುಬು ಅಂತ ತಿಳಿಯುತ್ತದೆ. ಟಗ್ಗನ್ನು ಕೆಟ್ಟ ಹಡಗಿನ ಮೂತಿಯ ಹತ್ತಿರ ತರಬೇಕು. ಎರಡೂ ಅಲೆಗೆ ಏರಿಳಿಯುತ್ತಿರುತ್ತವೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಮೊದಲು ತುದಿಗೆ ಭಾರ ಕಟ್ಟಿದ ಸಣ್ಣ ದಾರ ಎಸೆಯುತ್ತಾರೆ, ಇಲ್ಲವೇ ಗನ್‌ನಿಂದ ಹಾರಿಸುತ್ತಾರೆ. ಮೇಲಿರೋರು ಅದನ್ನು ಹಿಡಿದು ಎಳೆದರೆ ಅದರ ಹಿಂದೆ ದಪ್ಪ ಹಗ್ಗ, ಅದರ ಹಿಂದೆ ಇನ್ನೂ ದಪ್ಪದ್ದು, ಕೊನೆಗೆ ಉಕ್ಕಿನ ವೈರ್. 64 ಮಿಲಿಮೀಟರ್ ವೈರ್ ಮೀಟರಿಗೆ 15 ಕೆಜಿಗೂ ಜಾಸ್ತಿ ತೂಗುತ್ತದೆ. ಕರೆಂಟ್ ಇರುವ ಹಡಗಾದರೆ ಹಗ್ಗ ಸುತ್ತುವ ಯಂತ್ರ, ಅಂದರೆ ವಿಂಚ್, ಎಳೆದುಕೊಳ್ಳುತ್ತದೆ. ಇಂಜಿನ್, ಕರೆಂಟ್ ಎರಡೂ ಇಲ್ಲದ ಡೆಡ್ ಶಿಪ್‌ನಲ್ಲಿ ವಿಂಚ್ ತಿರುಗಲ್ಲ. ನಿದ್ದೆ ಇಲ್ಲದೆ, ಹೆದರಿ, ಒದ್ದೆಯಾಗಿರುವ ನಾಲ್ಕೈದು ಜನ ಕೈಯಲ್ಲೇ ಎಳೆಯಬೇಕು. ಹಡಗಿನ ಅಂಚಿಗೆ ಉಜ್ಜಿ ವೈರ್ ಸವೆಯದ ಹಾಗೆ ಆ ಜಾಗದಲ್ಲಿ ದಪ್ಪ ಸರಪಳಿ ಬರಬೇಕು. ಇಷ್ಟೆಲ್ಲ ಆದ ಮೇಲೆ ಟಗ್ ಮಾಸ್ಟರ್ ಮೆಲ್ಲಗೆ, ತುಂಬಾ ಮೆಲ್ಲಗೆ ಭಾರ ಹಾಕಬೇಕು. ಅವಸರ ಮಾಡಿದರೆ ವೈರ್ ಕಿತ್ತು ಡೆಕ್ ಮೇಲೆ ಬೀಸುತ್ತದೆ, ಆ ಬೀಸಿನ ದಾರಿಯಲ್ಲಿ ನಿಂತವರು ಉಳಿಯುವುದಿಲ್ಲ. ನಾವು ಹೊಸಬರಿಗೆ ಹಗ್ಗ ಹಿಡಿಯೋದು ಕಲಿಸುವ ಮುಂಚೆ ಎಲ್ಲಿ ನಿಲ್ಲಬಾರದು ಅಂತ ಕಲಿಸುತ್ತಿದ್ದೆವು.

ಟಗ್ ಇದ್ದೂ ಸೋತದ್ದುಂಟು. 2017ರ ಅಕ್ಟೋಬರ್‌ನಲ್ಲಿ ಗ್ಲೋರಿ ಆಮ್‌ಸ್ಟರ್‌ಡ್ಯಾಮ್ ಹಡಗು ಬಿರುಗಾಳಿಗೆ ಲಂಗರು ಜಾರಿ ಜರ್ಮನಿಯ ಲಾಂಗೆಓಗ್ ದ್ವೀಪದ ಹತ್ತಿರ ನೆಲ ಹತ್ತಿತು. ಆ 200 ಟನ್ನಿನ ನಾರ್ಡಿಕ್ ಪಕ್ಕದಲ್ಲೇ ಇತ್ತು. ಹಡಗಿನವರ ಜೊತೆ ಮಾತು ಸರಿಯಾಗಿ ಕೂಡಿ ಬರಲಿಲ್ಲ, ಹಗ್ಗ ನಿಲ್ಲಲಿಲ್ಲ. 2021ರ ತೌಕ್ತೆ ಚಂಡಮಾರುತದಲ್ಲಿ ನಮ್ಮ ಮುಲ್ಕಿ ಹತ್ತಿರ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ಗೇ ಬಂಡೆಗೆ ಸಿಕ್ಕಿಕೊಂಡು, ಅದರ ಒಂಬತ್ತು ಜನರನ್ನು ಉಳಿಸಬೇಕಾಯಿತು. ಟಗ್ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ತುರ್ತು ಕೆಲಸಕ್ಕೆ ಆಗುವುದಿಲ್ಲ. ಅದಕ್ಕೇ ಬಂದರಿನ ಟಗ್‌ಗಳಿಗೇ ಸ್ವಲ್ಪ ದುಡ್ಡು ಕೊಟ್ಟು ತುರ್ತು ಕೆಲಸಕ್ಕೂ ಕರೆಯೋಣ ಅನ್ನುವ ಅಗ್ಗದ ದಾರಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹತ್ತಿರದಲ್ಲಿರುತ್ತವೆ, ಸಣ್ಣ ಹಡಗಿಗೆ ಸಾಕಾಗಬಹುದು, ಹಿಡಿದಿಟ್ಟು ಹೊತ್ತು ದೂಡಬಹುದು. ಆದರೆ ಮುಂಗಾರಿನ ಹೊರಸಮುದ್ರಕ್ಕೆ ಅವು ಹುಟ್ಟಿಲ್ಲ, ಹೋದರೆ ಬಂದರಿನ ಕೆಲಸವೂ ನಿಲ್ಲುತ್ತದೆ. ಕೋಸ್ಟ್ ಗಾರ್ಡ್‌ಗೇ ಎಳೆಯುವ ಶಕ್ತಿಯ ದೊಡ್ಡ ಹಡಗು ಕಟ್ಟಿಸಿಕೊಡೋದು ಒಳ್ಳೆಯದು, ಮೊದಲ ಖರ್ಚು ಮಾತ್ರ ಭಾರಿ, ಆ ಹಡಗು ಗಸ್ತಿಗೆ ದೂರ ಹೋಗಿದ್ದಾಗ ಇಲ್ಲಿ ಖಾಲಿ.

ದುಡ್ಡಿನಷ್ಟೇ ಮುಖ್ಯವಾದದ್ದು, ಜನ ಕೇಳದೇ ಇರುವುದು ಇನ್ನೊಂದಿದೆ. ಎಳೆ ಅಂತ ಹೇಳೋ ಅಧಿಕಾರ ಯಾರಿಗೆ? ಎಳೆದು ಎಲ್ಲಿಗೆ ಒಯ್ಯಬೇಕು? 2002ರ ನವೆಂಬರ್‌ನಲ್ಲಿ ಸ್ಪೇನ್ ಹತ್ತಿರ ಪ್ರೆಸ್ಟೀಜ್ ಟ್ಯಾಂಕರ್‌ಗೆ ಪೆಟ್ಟಾದಾಗ ಟಗ್‌ಗಳಿದ್ದವು, ಹಗ್ಗವೂ ಸಿಕ್ಕಿತು. ಯಾರೂ ತಮ್ಮ ಬಂದರಿಗೆ ಬಿಟ್ಟುಕೊಳ್ಳಲಿಲ್ಲ. ಆರು ದಿನ ಸಮುದ್ರದಲ್ಲೇ ಎಳೆದಾಡಿದ ಮೇಲೆ ಎರಡು ತುಂಡಾಯಿತು, ಸುಮಾರು 63,000 ಟನ್ ಎಣ್ಣೆ ಹೋಯಿತು. ಬ್ರಿಟನ್ನಿನವರು 1999ರಲ್ಲಿ ಒಂದು ಹುದ್ದೆ ಮಾಡಿದರು. ಇಂಥ ಹೊತ್ತಿನಲ್ಲಿ ಹಡಗಿನ ಮಾಲೀಕನಿಗೂ ಬಂದರಿಗೂ ಆಜ್ಞೆ ಕೊಡಬಲ್ಲ ಒಬ್ಬನೇ ಅಧಿಕಾರಿ, ಮಂತ್ರಿಗಳೂ ಅಡ್ಡ ಬರಬಾರದು. ಟಗ್ ಕಡಿತ ಮಾಡಿದ್ದಕ್ಕೆ ನಾನು ಅವರನ್ನು ಬೈಯುತ್ತೇನೆ, ಈ ಹುದ್ದೆಗೆ ಮಾತ್ರ ಕೈ ಮುಗಿಯುತ್ತೇನೆ. ನಮ್ಮಲ್ಲಿ ಎಣ್ಣೆ ಸೋರಿಕೆಯ ರಾಷ್ಟ್ರೀಯ ಯೋಜನೆ 1996ರಿಂದ ಇದೆ, ಅದರ ಹೊಣೆ ಕೋಸ್ಟ್ ಗಾರ್ಡ್‌ದು. ತುರ್ತು ಟಗ್‌ಗಳನ್ನು ಬಾಡಿಗೆಗೆ ಹಿಡಿಯೋದು ಡಿಜಿ ಶಿಪ್ಪಿಂಗ್, ಅಂದರೆ ಹಡಗುಗಳ ಉಸ್ತುವಾರಿ ನೋಡುವ ಕೇಂದ್ರದ ಕಚೇರಿ. ಬಂದರುಗಳು ಒಂದಿಷ್ಟು ಕೇಂದ್ರದ್ದು, ಒಂದಿಷ್ಟು ರಾಜ್ಯದ್ದು. ಗಾಳಿ ಜೋರಾಗಿರುವ ರಾತ್ರಿ ಇವರೆಲ್ಲ ಒಟ್ಟಿಗೆ ಫೋನ್ ಎತ್ತಬೇಕು.

ಕೆರೆ ಹೂಳಿನ ದುಡ್ಡು ಇದರಿಂದ ಹೋಗುತ್ತಿದೆ ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅದು ಬೇರೆ ಗಂಟು. ಅಲ್ಲದೆ ನೀವು ಈ ಕರಾವಳಿಗೆ ಹೊರಗಿನವರೂ ಅಲ್ಲ. ಮಂಗಳೂರಿನ ಹತ್ತಿರ ಸಮುದ್ರದಲ್ಲೇ ದೊಡ್ಡ ಟ್ಯಾಂಕರ್‌ಗಳು ನಿಂತು ಕಚ್ಚಾ ಎಣ್ಣೆ ಇಳಿಸುತ್ತವೆ. ಅದು ಸಂಸ್ಕರಣೆಯಾಗಿ ಮಂಗಳೂರು, ಹಾಸನ, ಬೆಂಗಳೂರು ಪೈಪ್‌ಲೈನಿನಲ್ಲಿ ಹೊಸಕೋಟೆ ಹತ್ತಿರದ ದೇವನಗೊಂದಿಗೆ ಬರುತ್ತದೆ. ಅಲ್ಲಿಂದ ಲಾರಿ ಹತ್ತಿ ಸುತ್ತಲಿನ ಜಿಲ್ಲೆಗಳ ಬಂಕ್‌ಗಳಿಗೆ ಹೋಗುತ್ತದೆ. ನಿಮ್ಮ ಬೈಕಿಗೆ ಬೀಳುವ ಪೆಟ್ರೋಲ್‌ನ ಒಂದು ಭಾಗ ಆ ದಾರಿಯಲ್ಲೇ ಬಂದದ್ದಿರಬಹುದು.

ಇನ್ನು ಪತ್ರ. ಟಗ್ ಬೇಕು ಅಂತಲೋ ಬೇಡ ಅಂತಲೋ ಬರೆಯಬೇಡಿ, ಅದಕ್ಕೆ ಅಚ್ಚು ಹಾಕಿದ ಉತ್ತರ ಬರುತ್ತದೆ. ಪ್ರಶ್ನೆಗಳನ್ನೇ ಕಳಿಸಿ, ಸಂಸತ್ತಿನಲ್ಲಿ ಕೇಳಿಸಿ ಅಂತ ಕೇಳಿಕೊಳ್ಳಿ. ಈ ವರ್ಷ ಪಶ್ಚಿಮ ಕರಾವಳಿಯಲ್ಲಿ ಎಷ್ಟು ತುರ್ತು ಟಗ್‌ಗಳಿವೆ, ಯಾವ ಬಂದರಿನಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಅವುಗಳ ಬೊಲ್ಲಾರ್ಡ್ ಪುಲ್ ಎಷ್ಟು ಟನ್, ಕೊನೆಯ ಸಲ ಅಳತೆ ಮಾಡಿದ್ದು ಯಾವಾಗ? ಮಂಗಳೂರಿನ ಹೊರಸಮುದ್ರಕ್ಕೆ ಮುಂಗಾರಿನಲ್ಲಿ ತಲುಪೋಕೆ ಎಷ್ಟು ಗಂಟೆ? ನಿಜವಾದ ಹಡಗಿಗೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದ್ದಾರಾ? ಬಾಡಿಗೆ ಎಷ್ಟು, ಅದರಲ್ಲಿ ಹಡಗುಗಳಿಂದ ವಸೂಲಾದದ್ದು ಎಷ್ಟು, ದೀಪಸ್ತಂಭದ ಶುಲ್ಕದ ಥರ ಇದಕ್ಕೂ ಶುಲ್ಕ ತರುವ ಯೋಚನೆ ಇದೆಯಾ? ಎಳೆಯಿರಿ ಅಂತ ಅಂತಿಮ ಅಪ್ಪಣೆ ಕೊಡುವ ಅಧಿಕಾರಿ ಯಾರು, ಕೆಟ್ಟ ಹಡಗನ್ನು ಒಳಗೆ ಬಿಟ್ಟುಕೊಳ್ಳಲು ಗೊತ್ತುಮಾಡಿರುವ ಜಾಗ ಕರ್ನಾಟಕದಲ್ಲಿ ಯಾವುದು? ಇದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಮುಂಬೈಯ ಡಿಜಿ ಶಿಪ್ಪಿಂಗ್ ಕಚೇರಿಗೂ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂದಾಗ ನನಗೂ ಒಂದು ಪ್ರತಿ ಕಳಿಸಿ, ಅಲ್ಲಿರುವ ಟನ್ನು, ಗಂಟೆಗಳ ಲೆಕ್ಕ ಸರಿ ಇದೆಯಾ ಅಂತ ಕೂತು ನೋಡಿ ಹೇಳುತ್ತೇನೆ.